ಹಾಯಿದೋಣಿಗೆ ಇಪ್ಪತ್ತನಾಲ್ಕು ವೋಲ್ಟ್

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಗೋಯಾದ ನಿವಾ ಕುನಿಯೊ ಮತ್ತು ಅವನ ಹೆಂಡತಿ ಹಿಸಾನೊ ನಡುವಿನ ಒಂದು ಜಗಳ ಮಾತ್ರ ಉಂಡು ಮಲಗಿ, ಎದ್ದು ಮತ್ತೆ ಉಂಡು, ಇಬ್ಬರು ಹೆಣ್ಣುಮಕ್ಕಳ ಮದುವೆ ದಾಟಿ, ಮೂವರು ಚಕ್ರವರ್ತಿಗಳ ಕಾಲವನ್ನು ಕಂಡು, ಇನ್ನೂ ಗಟ್ಟಿಮುಟ್ಟಾಗಿತ್ತು.

ಹೊರಗಿನವರಿಗೆ ಅದು ತಮಾಷೆಯ ವಿಷಯ. ಇಬ್ಬರಿಗೂ ಪರಿಚಯವಾದದ್ದು ಹೇಗೆ ಎಂಬುದೇ ಜಗಳ. ಮನೆಗೆ ಯಾರೇ ಬರಲಿ, ಹಿಸಾನೊ ಚಹಾದ ಬಟ್ಟಲನ್ನು ಮುಂದಿಟ್ಟು, ಮುಂದುಡುಪಿಗೆ ಕೈ ಒರೆಸಿಕೊಂಡು ಶುರುಮಾಡುವಳು.

"ಇವರು ನನ್ನ ಹೇಗೆ ಬಲೆಗೆ ಹಾಕ್ಕೊಂಡ್ರು ಗೊತ್ತಾ? ಮೋಸದಿಂದ! ಪಚಿಂಕೊ ಗೋಲಿಗೆ ಹಿಟ್ಟು ಮೆತ್ತಿ!"

"ಸುಳ್ಳು," ಅನ್ನುವನು ಕುನಿಯೊ, ಪತ್ರಿಕೆಯ ಹಿಂದಿನಿಂದ.

"ಶಾವಿಗೆ ಹಿಟ್ಟು! ಉಗುರಲ್ಲಿ ಒಂದು ಚೂರು ಉಳಿಸ್ಕೊಂಡು ಬರೋರು. ಗೋಲಿಗೆ ಮೆತ್ತಿ ಹೊಡೆಯೋರು. ಅದು ಹೋಗಿ ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ಳೋದು. ಆಮೇಲೆ ಟಕ್ ಟಕ್ ಅಂತ ಗಾಜು ಬಡಿಯೋದು. ನಾನು ಬಂದು ಇಣುಕಲೇಬೇಕಲ್ಲ, ಕೆಲಸ!"

"ಕರೆಂಟು ಕಮ್ಮಿ ಇತ್ತು. ಅದಕ್ಕೇ ಸಿಕ್ಕಿಕೊಳ್ತಿತ್ತು. ಸಾವಿರ ಸಲ ಹೇಳಿದೀನಿ."

"ಹೌದೌದು. ನಾನು ಹಿಂದೆ ನಿಂತಾಗ ಮಾತ್ರ ಕಮ್ಮಿ ಆಗ್ತಿತ್ತು."

ಬಂದವರು ಹೊಟ್ಟೆ ಹಿಡಿದುಕೊಂಡು ನಗುವರು. ಕುನಿಯೊನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಹೆತ್ತ ಮಕ್ಕಳು ಕೂಡ. ದೊಡ್ಡ ಮಗಳ ಮದುವೆಯಲ್ಲಿ ಬೀಗರು ಎದ್ದು ನಿಂತು ಭಾಷಣ ಮಾಡುವಾಗ, "ಹಿಟ್ಟು ಮೆತ್ತಿ ಹೆಣ್ಣು ಗೆದ್ದ ಮಹಾಶಯರು" ಎಂದು ಅವನನ್ನು ಹೊಗಳಿದ್ದರು. ಕುನಿಯೊ ಎದ್ದು ಬಾಗಿ ನಮಸ್ಕರಿಸಿದ. ಇನ್ನೇನು ಮಾಡುತ್ತಾನೆ?

ನಿಜಕ್ಕೂ ಅವನು ಮೋಸದ ಮನುಷ್ಯನಲ್ಲ. ಶಾಲೆ ಬಿಟ್ಟ ಕೂಡಲೇ ಅತ್ಸುತಾ ಗುಡಿಯ ಹತ್ತಿರದ ಒಂದು ಕಿಶಿಮೆನ್ ಅಂಗಡಿಗೆ ಸೇರಿದ. ಕಿಶಿಮೆನ್ ಎಂದರೆ ಆ ಊರಿನ ಅಗಲ ಶಾವಿಗೆ, ಹೆಣ್ಣುಮಕ್ಕಳ ಜಡೆಯ ರಿಬ್ಬನ್ನಿನ ಹಾಗೆ. ಬೆಳಗಾಗುವ ಮುಂಚೆ ಹಿಟ್ಟು ಕಲಸಿ, ಚಾಪೆಯ ಮಧ್ಯೆ ಇಟ್ಟು ಕಾಲಲ್ಲಿ ತುಳಿದು, ಲಟ್ಟಿಸಿ, ಕತ್ತರಿಸಿ ಒಣಗಲು ಹಾಕುವುದು ಅವನ ಕೆಲಸ. ಭುಜ ಸೋಲುವ ತನಕ ಅದನ್ನೇ ಮಾಡಿದ. ಸಂಜೆ ಹೊತ್ತು ಬಿಡುವು. ಬಿಡುವಿದ್ದ ಹುಡುಗರು ಆಗ ಹೋಗುತ್ತಿದ್ದದ್ದು ಪಚಿಂಕೊ ಅಂಗಡಿಗೆ.

ಅವನ ಬೀದಿಯ ತುದಿಯಲ್ಲಿ 'ಚಿದೋರಿ' ಎಂಬ ಸಣ್ಣ ಅಂಗಡಿಯಿತ್ತು. ಸಾಲಾಗಿ ನಿಂತ ಯಂತ್ರಗಳು. ಒಂದೊಂದರಲ್ಲೂ ಗಾಜಿನ ಹಿಂದೆ ಹಿತ್ತಾಳೆ ಮೊಳೆಗಳ ಕಾಡು. ಉಕ್ಕಿನ ಗೋಲಿಯನ್ನು ಮೇಲಕ್ಕೆ ಚಿಮ್ಮಿಸಿದರೆ ಅದು ಮೊಳೆಯಿಂದ ಮೊಳೆಗೆ ಬಡಿದಾಡಿಕೊಂಡು ಕೆಳಗಿಳಿಯುತ್ತದೆ. ಪುಣ್ಯವಿದ್ದರೆ ಒಂದು ತೂತಿಗೆ ಬಿದ್ದು ಬೊಗಸೆ ಗೋಲಿ ಕೊಡಿಸುತ್ತದೆ, ಇಲ್ಲದಿದ್ದರೆ ತಳಕ್ಕೆ ಹೋಗಿ ಮಾಯ. ದೊಡ್ಡ ಅಂಗಡಿಗಳಲ್ಲಿ ಗೋಲಿ ತುಂಬುವುದಕ್ಕೆ ಆಗಲೇ ಯಂತ್ರ ಬಂದಿತ್ತು. ಚಿದೋರಿಯ ಯಜಮಾನ ಮಾತ್ರ ಹುಡುಗಿಯರನ್ನೇ ಇಟ್ಟುಕೊಂಡಿದ್ದ. ಯಂತ್ರಗಳ ಎರಡು ಸಾಲಿನ ಬೆನ್ನುಗಳ ನಡುವೆ ಅಡ್ಡವಾಗಿ ಮಾತ್ರ ನಡೆಯಬಹುದಾದ ಒಂದು ಓಣಿ. ಅದರೊಳಗೆ ಹುಡುಗಿಯರು ಬಕೆಟ್ಟಿನಲ್ಲಿ ಗೋಲಿ ಹೊತ್ತು ಸುರಿಯುತ್ತಾ ಓಡಾಡುವರು. ಗೋಲಿ ಸಿಕ್ಕಿಕೊಂಡರೆ ಗಿರಾಕಿ ಗಾಜು ತಟ್ಟುವನು, ಯಂತ್ರದ ತಲೆಯ ಮೇಲಿನ ಸಂದಿಯಲ್ಲಿ ಒಂದು ಹಣೆ, ಒಂದು ವಸ್ತ್ರ ಕಟ್ಟಿದ ತಲೆ, ಎರಡು ಕಣ್ಣು ಮೂಡುವುದು, "ಕ್ಷಮಿಸಿ" ಎಂಬ ದನಿ ಬರುವುದು, ಗೋಲಿ ಬಿಡುಗಡೆಯಾಗುವುದು.

ಕುನಿಯೊ ಆಡುತ್ತಿದ್ದದ್ದು ಕಂಬದ ಪಕ್ಕದ ಯಂತ್ರ. ಅದರ ನಡುವೆ ತಗಡಿನ ಹಾಯಿದೋಣಿಯಿತ್ತು. ಪಕ್ಕದ ಹೂವಿನೊಳಗೆ ಗೋಲಿ ಬಿದ್ದರೆ ವಿದ್ಯುತ್ ಸುರುಳಿಯೊಂದು ಎಳೆದು ದೋಣಿಯ ಹಾಯಿ ಕ್ಷಣಕಾಲ ಮೇಲೇಳುವುದು. ಆ ಕ್ಷಣದಲ್ಲಿ ಮತ್ತೊಂದು ಗೋಲಿ ಹಾಯಿಯಡಿ ನುಸುಳಿದರೆ ಗಂಟೆ ಬಾರಿಸಿ ಗೋಲಿ ಸುರಿಯುವುದು. ಎಷ್ಟೋ ಸಂಜೆ ಹಾಯಿ ಅರ್ಧಕ್ಕೇ ನಿಂತು ಗೋಲಿ ಅದರಡಿ ಕಚ್ಚಿಕೊಂಡಿತು. ಎಷ್ಟೋ ಸಂಜೆ ಅವನು ತಟ್ಟಿದ. ಎಷ್ಟೋ ಸಂಜೆ ಅದೇ ಎರಡು ಕಣ್ಣು ಮೂಡಿದವು. ಚಳಿಗಾಲ ಕಳೆಯುವಷ್ಟರಲ್ಲಿ ಅವನು ಧೈರ್ಯ ಮಾಡಿ, ಕೆಲಸ ಮುಗಿಸಿ ಹಿಂಬಾಗಿಲಿನಿಂದ ಬಂದ ಆ ಕಣ್ಣುಗಳನ್ನು ಶಾವಿಗೆ ತಿನ್ನಲು ಕರೆದ. ಮಿಕ್ಕದ್ದು ಮದುವೆ.

ಇಷ್ಟರ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ತಕರಾರು ಹಾಯಿಯ ಬಗ್ಗೆ.

ಹೋದ ವರ್ಷ ವಸಂತದಲ್ಲಿ ಕುನಿಯೊ ಓಸು ಕನ್ನೊನ್ ಗುಡಿಯ ಅಂಗಳದ ಹಳೆ ಸಾಮಾನಿನ ಸಂತೆಗೆ ಹೋಗಿದ್ದ. ಒಂದು ಒಳ್ಳೆ ಚಹಾದ ಕೆಟಲ್ ತರುವ ಉದ್ದೇಶ. ಒಡೆದ ಗಡಿಯಾರ, ಕಿಮೊನೊ ರಾಶಿಗಳ ನಡುವೆ ನೀಲಿ ಹಾಳೆಯ ಮೇಲೆ ಮಲಗಿಸಿದ್ದ ಒಂದು ಯಂತ್ರವನ್ನು ಕಂಡು ಅವನ ಕಾಲು ನೆಲಕ್ಕೆ ಅಂಟಿತು. ಮೊಳೆಗಳು ಕಪ್ಪಾಗಿದ್ದವು, ಗಾಜಿನ ಮೂಲೆ ಸೀಳಿತ್ತು. ಆದರೆ ನಡುವೆ ಹಾಯಿದೋಣಿ! ಅದೇ ಮಾದರಿ.

ಕೆಟಲ್ ಬರಲಿಲ್ಲ. ಯಂತ್ರ ಟ್ಯಾಕ್ಸಿಯಲ್ಲಿ ಬಂತು.

"ಇದೇನ್ರೀ ಇದು?" ಬಾಗಿಲಲ್ಲೇ ನಿಂತು ಕೇಳಿದಳು ಹಿಸಾನೊ.

"ಸಾಕ್ಷಿ," ಎಂದ ಕುನಿಯೊ ಏದುಸಿರು ಬಿಡುತ್ತಾ. "ಹಿಡ್ಕೋ ಆ ಕಡೆ. ಇವತ್ತು ನಿನ್ನ ಹಿಟ್ಟಿನ ಕಥೆ ಮುಗೀತು."

ಹಿಸಾನೊ ಯಂತ್ರದ ಮುಖವನ್ನು ನೋಡಿದಳು. ಆಮೇಲೆ ಆ ಕಡೆ ಹಿಡಿದುಕೊಂಡಳು.

ನಡುಮನೆಯ ಗೋಡೆಗೆ ಅದನ್ನು ಆನಿಸಿ ನಿಲ್ಲಿಸಿದ್ದಾಯಿತು. ಹಿಂದುಗಡೆಯಿಂದ ಎರಡು ತಂತಿಗಳು ಇಲಿಬಾಲದಂತೆ ಜೋತಿದ್ದವು. ಪ್ಲಗ್ ಇಲ್ಲ, ಏನೂ ಇಲ್ಲ. ತಂತಿ ಹೊರಡುವ ಜಾಗದಲ್ಲಿ ಒಂದು ತಗಡಿನ ಚೀಟಿ: ಇಪ್ಪತ್ತನಾಲ್ಕು ವೋಲ್ಟ್, ಪಕ್ಕದಲ್ಲಿ ಹಾವು ಹರಿದಂಥ ಒಂದು ಗೆರೆ. ಮನೆಯ ಗೋಡೆಯಲ್ಲಿ ಬರುವುದು ನೂರು ವೋಲ್ಟ್. ನೇರವಾಗಿ ಸಿಕ್ಕಿಸಿದರೆ ಸಾಕ್ಷಿಯೂ ಇರುವುದಿಲ್ಲ, ಬಹುಶಃ ಮನೆಯೂ.

ಮರುದಿನವೇ ಕುನಿಯೊ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಆಟದ ರೈಲು ಓಡಿಸುವ ಒಂದು ಕರೆಂಟಿನ ಡಬ್ಬಿ ತಂದ. ಅವನಿಗೆ ಅದರ ಗುಂಡನೆಯ ತಿರುಗುಣಿ ಬಹಳ ಹಿಡಿಸಿತ್ತು. ತಂತಿ ಜೋಡಿಸಿ ತಿರುಗುಣಿಯನ್ನು ಕೊನೆಯ ತನಕ ತಿರುಗಿಸಿದ. ಯಂತ್ರದ ದೀಪಗಳು ಸಂಜೆಯ ಮಿಣುಕುಹುಳದಷ್ಟು ಮಂಕಾಗಿ ಹತ್ತಿದವು. ಅವನು ಗೋಲಿ ಹೊಡೆಯುತ್ತಾ ಹೋದ. ಬಹಳ ಹೊತ್ತಿನ ಮೇಲೆ ಒಂದು ಹೂವಿಗೆ ಬಿತ್ತು. ಹಾಯಿ ಮುದುಕನ ರೆಪ್ಪೆಯಂತೆ ನಡುಗಿ ಅರ್ಧಕ್ಕೆ ಎದ್ದಿತು. ಹಿಂದೆಯೇ ಬಂದ ಗೋಲಿ ಹಾಯಿಯಡಿ ಹೋಗಿ ಕಚ್ಚಿಕೊಂಡಿತು.

ಕುನಿಯೊ ಎರಡೂ ಕೈ ಮೇಲೆತ್ತಿದ. "ನೋಡು! ನೋಡು! ಕೈಯಲ್ಲಿ ಹಿಟ್ಟಿದೆಯಾ? ಮೂಸಿ ನೋಡು! ಕರೆಂಟು ಕಮ್ಮಿ ಇದ್ರೆ ಹೀಗೇ ಆಗೋದು!"

ಹಿಸಾನೊ ಕನ್ನಡಕ ಹಾಕಿಕೊಂಡು ಬಂದು ಮೊದಲು ಯಂತ್ರದ ಹಿಂದಿನ ತಗಡನ್ನು, ಆಮೇಲೆ ರೈಲಿನ ಡಬ್ಬಿಯ ತಳವನ್ನು ಓದಿದಳು.

"ಇದು ಕೇಳ್ತಿರೋದು ಇಪ್ಪತ್ತನಾಲ್ಕು. ನೀವು ಕೊಟ್ಟಿರೋದು ಹನ್ನೆರಡು. ಅರ್ಧ ಹೊಟ್ಟೆಗೆ ಹಾಕಿ ಪೂರ್ತಿ ಕೆಲಸ ಕೇಳಿದ್ರೆ ನೀವಾಗಿದ್ರೂ ಅರ್ಧಕ್ಕೇ ಕೈ ಎತ್ತುತ್ತಿದ್ರಿ. ಚಿದೋರಿಯವರು ರೈಲಿನ ಡಬ್ಬೀಲಿ ಅಂಗಡಿ ನಡೆಸ್ತಿದ್ರಾ?"

ಕುನಿಯೊ ತಿರುಗುಣಿಯನ್ನು ಸೊನ್ನೆಗೆ ತಿರುಗಿಸಿಟ್ಟ.

ಹಿಸಾನೊ ಸುಮ್ಮನೆ ಕೂರುವವಳಲ್ಲ. ವಾರ ಕಳೆಯುವಷ್ಟರಲ್ಲಿ ಸ್ಟೇಷನ್ ಎದುರಿನ ದೊಡ್ಡ ಅಂಗಡಿಗೆ ತಾನೇ ಹೋಗಿ, ಅಲಂಕಾರದ ದೀಪದ ಸರಕ್ಕೆ ಹಾಕುವ ಒಂದು ಅಡಾಪ್ಟರ್ ತಂದಳು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ಹಗುರ, ಮೈಮೇಲೆ ಸ್ಪಷ್ಟವಾಗಿ ಇಪ್ಪತ್ತನಾಲ್ಕು ಎಂದು ಬರೆದಿತ್ತು.

"ಈಗ ಹೊಡೀರಿ," ಎಂದಳು, ಮೇಜಿನ ಮುಂದೆ ನ್ಯಾಯಾಧೀಶರಂತೆ ಕೂತು.

ದೀಪಗಳು ಝಗ್ಗನೆ ಹತ್ತಿದವು. ಹೂವಿಗೆ ಗೋಲಿ ಬಿತ್ತು, ಹಾಯಿ ಫಟ್ಟೆಂದು ಎದ್ದಿತು, ಗೋಲಿ ಸಲೀಸಾಗಿ ದೋಣಿ ಹತ್ತಿತು. ಹಿಸಾನೊ ತೊಡೆ ತಟ್ಟಿದಳು. ಆದರೆ ಗಂಟೆ ಬಾರಿಸಲಿಲ್ಲ. 'ಟಿಕ್' ಎಂದು ಒಂದು ಸದ್ದು ಮಾಡಿ ಬಾಯಿ ಮುಚ್ಚಿಕೊಂಡಿತು. ಇನ್ನೂ ನಾಲ್ಕಾರು ಗೋಲಿ ಹೊಡೆಯುವಷ್ಟರಲ್ಲಿ ಕುನಿಯೊ ಮೂಗರಳಿಸಿದ.

"ಒಲೆ ಮೇಲೆ ಏನಾದ್ರೂ ಇಟ್ಟಿದೀಯಾ?"

"ಇಲ್ವಲ್ಲ."

ವಾಸನೆ ವಾರ್ನಿಷ್ ಸುಟ್ಟ ಹಾಗಿತ್ತು. ಯಂತ್ರದ ಬೆನ್ನಿನಿಂದ ಊದುಬತ್ತಿಯಂಥ ಎಳೆ ಹೊಗೆ. ಕುನಿಯೊ ಹಾರಿ ಹೋಗಿ ಪ್ಲಗ್ ಕಿತ್ತ. ಸುರುಳಿಯನ್ನು ಮುಟ್ಟಿ "ಆಹ್!" ಎಂದು ಬೆರಳನ್ನು ತಣ್ಣಗಿನ ಕಿವಿಹಾಲೆಗೆ ಒತ್ತಿಕೊಂಡ.

"ನನ್ನ ಸಾಕ್ಷಿನ ಜೀವಂತ ಸುಡೋಕೆ ಹೊರಟಿದ್ದೆಯಲ್ಲೇ!"

"ನನಗೇನ್ರೀ ಗೊತ್ತು? ಇಪ್ಪತ್ತನಾಲ್ಕು ಅಂದ್ರೆ ಇಪ್ಪತ್ತನಾಲ್ಕು ತಾನೆ?"

ಅಲ್ಲ ಎಂದು ತಿಳಿದದ್ದು ವಿದ್ಯುತ್ ಸಾಮಾನು ಮಾರುವ ಓಗುರಿಯ ಅಂಗಡಿಯಲ್ಲಿ. ಓಸು ಪೇಟೆಯ ಒಳಸಂದಿಯಲ್ಲಿ, ತೋಳು ಚಾಚಿದರೆ ಎರಡೂ ಗೋಡೆ ತಾಗುವಷ್ಟು ಅಗಲದ ಅಂಗಡಿ. ತಂತಿ, ತಿರುಪು, ಬಲ್ಬು, ಸುರುಳಿಗಳು ಸೂರಿನ ತನಕ. ಓಗುರಿ ಅಲ್ಲಿ ಸ್ಟೂಲಿನ ಮೇಲೆ ಕೂತು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮಾತಾಡಿದರು. ಹಿಟ್ಟು, ಹಾಯಿ, ಚಿದೋರಿ, ಬೀಗರ ಭಾಷಣ, ಹೊಗೆ. ಓಗುರಿ ಮೊಟ್ಟೆಗೆ ಉಪ್ಪು ಹಾಕಿಕೊಂಡು ಪೂರ್ತಿ ಕೇಳಿದ.

"ಒಂದು ವಿಷಯ ಹೇಳಿ," ಎಂದ. "ನಿಮಗೆ ಬೇಕಾಗಿರೋದು ಯಂತ್ರ ನಡೆಸೋಕಾ, ವ್ಯಾಜ್ಯ ತೀರಿಸೋಕಾ?"

"ಎರಡಕ್ಕೂ," ಎಂದರು ಇಬ್ಬರೂ. ಆ ದಿನ ಅವರು ಒಪ್ಪಿದ ಮೊದಲ ಮಾತು ಅದು.

"ಹಾಗಾದ್ರೆ ಕೇಳಿ. ಆ ಹಾವಿನ ಗೆರೆ ಇದೆಯಲ್ಲ, ಅದು ಎಸಿ. ಹೋಗಿ ಬರೋ ಕರೆಂಟು. ಅಕ್ಕ ತಂದಿದ್ದು ಡಿಸಿ, ಹೋದದ್ದು ಹೋದ ಹಾಗೇ. ನಿಮ್ಮ ಸುರುಳಿ ಸುತ್ತಿರೋದು ಹೋಗಿ ಬರೋದಕ್ಕೆ. ಹೋಗ್ತಾ ಬರ್ತಾ ಇದ್ರೆ ಅದು ತಾನಾಗೇ ತಡ್ಕೊಳ್ಳುತ್ತೆ. ಒಂದೇ ಸಮ ನುಗ್ಗಿಸಿದ್ರೆ ತಡೆ ತಪ್ಪುತ್ತೆ, ಕುಡಿದೂ ಕುಡಿದೂ ಸುಟ್ಟುಹೋಗುತ್ತೆ."

"ನಮ್ಮ ಭಾವನ ಹಾಗೆ," ಎಂದಳು ಹಿಸಾನೊ.

"ನಮ್ಮಣ್ಣನ ವಿಷಯ ಇಲ್ಯಾಕೆ?" ಎಂದ ಕುನಿಯೊ.

ಓಗುರಿ ಕಪಾಟಿನಿಂದ ಒಂದು ಟ್ರಾನ್ಸ್‌ಫಾರ್ಮರ್ ಇಳಿಸಿ ಮೇಜಿನ ಮೇಲಿಟ್ಟ. ಇಟ್ಟಿಗೆಯಷ್ಟು ದೊಡ್ಡದು, ಇಟ್ಟಿಗೆಗಿಂತ ಭಾರ. ಕುನಿಯೊ ಪಕ್ಕದಲ್ಲಿದ್ದ ಇನ್ನೊಂದು ಸಣ್ಣದನ್ನು ತೋರಿಸಿದ. ಅದೂ ಇಪ್ಪತ್ತನಾಲ್ಕೇ ಅಲ್ಲವೆ?

"ಹೌದು. ಆದ್ರೆ ಅದರ ಆಂಪಿಯರ್ ಸಾಲದು. ವೋಲ್ಟು ಅನ್ನೋದು ಬಡಿಸೋ ರಭಸ, ಅದು ಸರಿಯಾಗಿರಬೇಕು. ಆಂಪಿಯರ್ ಅನ್ನೋದು ಪಾತ್ರೇಲಿರೋ ಅನ್ನ, ಅದು ಧಾರಾಳವಾಗಿರಬೇಕು. ಪಾತ್ರೇಲಿ ಜಾಸ್ತಿ ಇದ್ರೆ ಯಾರಿಗೂ ತೊಂದರೆ ಇಲ್ಲ, ಯಂತ್ರ ತನಗೆ ಬೇಕಾದಷ್ಟೇ ಹಾಕಿಸ್ಕೊಳ್ಳುತ್ತೆ. ಕಮ್ಮಿ ಇದ್ರೆ ಸುರುಳಿ ಎಳೆಯೋ ಹೊತ್ತಿಗೆ ದೀಪ ಮಂಕಾಗುತ್ತೆ, ಟ್ರಾನ್ಸ್‌ಫಾರ್ಮರ್ ಕಾಯುತ್ತೆ. ಮಧ್ಯೆ ಒಂದು ಫ್ಯೂಸು ಹಾಕಿಕೊಡ್ತೀನಿ. ಇನ್ನು ನಿಮ್ಮ ವ್ಯಾಜ್ಯಕ್ಕೆ..." ಅವನು ದೊಡ್ಡದರ ನೆತ್ತಿಯ ಮೇಲಿನ ತಿರುಪುಗಳನ್ನು ತೋರಿಸಿದ. "ಇದರಲ್ಲಿ ಇಪ್ಪತ್ತನಾಲ್ಕಕ್ಕೆ ಒಂದು ತಿರುಪು, ಇಪ್ಪತ್ತೆರಡಕ್ಕೆ ಒಂದು, ಇಪ್ಪತ್ತಕ್ಕೆ, ಹದಿನೆಂಟಕ್ಕೆ. ತಂತಿ ಬದಲಾಯಿಸ್ತಾ ಹೋದ್ರೆ ಕರೆಂಟು ಒಂದೊಂದೇ ಮೆಟ್ಟಿಲು ಇಳಿಯುತ್ತೆ."

ಕುನಿಯೊನ ಕಣ್ಣು ಅರಳಿತು. "ಓಗುರಿ-ಸಾನ್, ನೀವೇ ಹೇಳಿ. ಆ ಕಾಲದಲ್ಲಿ ಸಂಜೆ ಕರೆಂಟು ಕಮ್ಮಿ ಆಗ್ತಿತ್ತೋ ಇಲ್ವೋ?"

"ಊರೆಲ್ಲ ದೀಪ ಹಾಕೋ ಹೊತ್ತಿಗೆ ಒಂದಿಷ್ಟು ಇಳೀತಿತ್ತು, ನಿಜ."

"ಕೇಳಿಸ್ತಾ?"

"ಆದ್ರೆ ಹಾಯಿ ಸಿಕ್ಕಿಹಾಕ್ಕೊಳ್ಳೋಷ್ಟು ಇಳೀತಿತ್ತಾ ಅಂತ ನನಗೆ ಗೊತ್ತಿಲ್ಲ. ನಾನು ಚಿದೋರಿಗೆ ಬಂದೋನಲ್ಲ. ಗಂಡ ಹೆಂಡತಿ ಮಧ್ಯೆ ಸಾಕ್ಷಿ ಹೇಳೋನೂ ಅಲ್ಲ."

ಪಕ್ಕದ ಕಾಫಿ ಅಂಗಡಿಯಲ್ಲಿ ಕೆಂಪು ಕಾಳಿನ ಹೂರಣ ಸವರಿದ ಟೋಸ್ಟು ತಿನ್ನುತ್ತಾ ಒಪ್ಪಂದವಾಯಿತು. ಮೇಲಿನಿಂದ ಶುರುಮಾಡಿ ಹದಿನೆಂಟರ ತನಕ ಇಳಿಯುವುದು. ಎಲ್ಲಾದರೂ ಗೋಲಿ ಕಚ್ಚಿಕೊಂಡರೆ ಕುನಿಯೊ ಗೆದ್ದ ಹಾಗೆ, ಹಿಟ್ಟಿನ ಮಾತು ಇನ್ನೆಂದೂ ಎತ್ತಬಾರದು. ಕಚ್ಚದಿದ್ದರೆ ಅವನು ನೆಂಟರ ಮುಂದೆ ಸ್ವತಃ ತಪ್ಪೊಪ್ಪಿಕೊಳ್ಳಬೇಕು.

"ನೋಡೋಕೆ ಮೂರನೆಯವರು ಒಬ್ಬರು ಇರಬೇಕು," ಎಂದ ಕುನಿಯೊ. "ತಮಿ-ಸಾನ್‌ನ ಕರೆಯೋಣ."

ತಮಿ ಚಿದೋರಿಯಲ್ಲಿ ಹಿಸಾನೊ ಜೊತೆ ಅದೇ ಓಣಿಯಲ್ಲಿ ಗೋಲಿ ಸುರಿದವಳು. ಮದುವೆಯಾಗಿ ಹಮಾಮತ್ಸುಗೆ ಹೋಗಿದ್ದವಳು ಈಚೆಗಷ್ಟೇ ಮಗಳ ಮನೆಯ ಹತ್ತಿರ ಬಂದು ಸೇರಿದ್ದಳು.

ಹಿಸಾನೊ ಕಾಫಿಯ ಬಟ್ಟಲನ್ನು ಕೆಳಗಿಟ್ಟಳು. "ಅವಳಿಗ್ಯಾಕೆ ತೊಂದರೆ? ಮಂಡಿ ನೋವು ಪಾಪ."

"ಮೊನ್ನೆ ಮಾರ್ಕೆಟ್ಟಲ್ಲಿ ನನಗಿಂತ ಮುಂದೆ ಓಡ್ತಿದ್ಲು."

"ಮಾತು ಜಾಸ್ತಿ ಅವಳದು."

"ಸಾಕ್ಷಿಗೆ ಅದೇ ಬೇಕು," ಎಂದ ಕುನಿಯೊ, ಟ್ರಾನ್ಸ್‌ಫಾರ್ಮರನ್ನು ಕೂಸಿನಂತೆ ಎದೆಗವಚಿಕೊಂಡು.

ಭಾನುವಾರ ಮಧ್ಯಾಹ್ನ ತಮಿ ಬಂದಳು. ಕೂದಲಿಗೆ ತಿಳಿ ನೇರಳೆ ಬಣ್ಣ, ಕೈಯಲ್ಲಿ ಉಯಿರೊ ಮಿಠಾಯಿಯ ಪೊಟ್ಟಣ. ಯಂತ್ರವನ್ನು ಕಂಡು, "ಅಯ್ಯೋ ನಮ್ಮ ದೋಣಿ!" ಎಂದು ಅದರ ಗಾಜನ್ನು ಮೊಮ್ಮಗುವಿನ ಕೆನ್ನೆಯಂತೆ ಸವರಿದಳು. ಅವಳನ್ನು ನಡುವೆ ಕೂರಿಸಿ, ಮಿಠಾಯಿ ಬಿಚ್ಚಿ ಮುಂದಿಟ್ಟು, ಕುನಿಯೊ ತಂತಿಯನ್ನು ಮೊದಲ ತಿರುಪಿಗೆ ಬಿಗಿದ.

ಇಪ್ಪತ್ತನಾಲ್ಕರಲ್ಲಿ ಯಂತ್ರ ಐವತ್ತು ವರ್ಷ ಎಳೆಯದಾಯಿತು. ದೀಪಗಳು ಹದವಾಗಿ ಹೊಳೆದವು, ಗಂಟೆ ನಾಚಿಕೆಯಿಲ್ಲದೆ ಕಿರುಚಿತು, ಗೋಲಿಗಳು ತಟ್ಟೆಗೆ ದಬದಬ ಸುರಿದವು. ಮೂವರೂ ವ್ಯಾಜ್ಯ ಮರೆತು ಸ್ವಲ್ಪ ಹೊತ್ತು ಸರದಿಯ ಮೇಲೆ ಆಡಿದರು. ಒಂದು ಗೋಲಿಯೂ ಕಚ್ಚಲಿಲ್ಲ. ಇಪ್ಪತ್ತೆರಡರಲ್ಲೂ ಇಲ್ಲ. ಇಪ್ಪತ್ತರಲ್ಲಿ ಹಾಯಿ ಕೊಂಚ ಸೋಮಾರಿಯಾಯಿತು, ಆದರೂ ಪೂರ್ತಿ ಎದ್ದಿತು. ಕುನಿಯೊ ಹಣೆ ಒರೆಸಿಕೊಂಡು ಕೊನೆಯ ತಿರುಪಿಗೆ ತಂತಿ ಹಾಕಿದ. ಹದಿನೆಂಟು. ಸುರುಳಿ ದುಂಬಿಯಂತೆ ಗುಂಯ್‌ಗುಟ್ಟಿತು. ಗೋಲಿ ಹೂವಿಗೆ ಬಿತ್ತು. ಹಾಯಿ ಮೆಲ್ಲಮೆಲ್ಲಗೆ, ಸೊಂಟ ನೋವಿನವರಂತೆ, ಮೇಲೆದ್ದಿತು. ಗೋಲಿ ಅದರಡಿ ತೂರಿ ದೋಣಿ ಹತ್ತಿತು. ಮತ್ತೆ ಮತ್ತೆ ಹೊಡೆದ. ಪ್ರತಿಸಲವೂ ಹತ್ತಿತು.

ಕುನಿಯೊ ಗೋಲಿಯ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತುಬಿಟ್ಟ. ಅವನಿಗೆ ಸೋಲಿಗಿಂತ ಬೆರಗು ಹೆಚ್ಚಾಗಿತ್ತು. ಕರೆಂಟಿನದೇ ತಪ್ಪು ಎಂದು ಅವನು ಇಷ್ಟು ವರ್ಷ ಸುಳ್ಳು ಹೇಳಿರಲಿಲ್ಲ, ಪ್ರಾಮಾಣಿಕವಾಗಿ ನಂಬಿದ್ದ.

ವಿಚಿತ್ರವೆಂದರೆ ಹಿಸಾನೊ ಜಂಭ ಪಡಲಿಲ್ಲ. "ಆಯ್ತಲ್ಲ, ಇರಲಿ ಬಿಡಿ, ಹಳೇ ಕಥೆ. ಕರೆಂಟು ತೆಗೀರಿ, ಚಹಾ ಮಾಡ್ತೀನಿ," ಎಂದು ಲಗುಬಗೆಯಿಂದ ಎದ್ದಳು.

"ಇರು," ಎಂದ ಕುನಿಯೊ. "ನನ್ನ ಮಾತು ಪರೀಕ್ಷೆ ಆಯ್ತು. ನಿನ್ನ ಮಾತು ಪರೀಕ್ಷೆ ಆಗಬೇಡ್ವಾ? ಹಿಟ್ಟು ತಾ."

"ಹುಚ್ಚಾ ನಿಮಗೆ?"

ಹಿಟ್ಟು ಅವನೇ ತಂದ. ಬಟ್ಟಲಲ್ಲಿ ಎರಡು ಹನಿ ನೀರು ಹಾಕಿ, ಇಡೀ ಜೀವಮಾನ ಮಾಡಿದ ಕೆಲಸವನ್ನು ಎರಡು ಬೆರಳಲ್ಲಿ ಮಾಡಿ, ಕಡಲೆಯಷ್ಟು ಮುದ್ದೆಯನ್ನು ಗೋಲಿಗೆ ಮೆತ್ತಿ ಹೊಡೆದ. ಗೋಲಿ ಮೇಲೇರುವ ಹಳಿಯಲ್ಲೇ ಅಂಟಿ ನಿಂತಿತು. ಬಿಡಿಸಿ, ಹಿಟ್ಟು ಕಮ್ಮಿ ಮಾಡಿ ಮತ್ತೆ ಹೊಡೆದ. ಈ ಸಲ ಹಳಿ ದಾಟಿತು, ಮೊದಲ ಮೊಳೆಗೇ ಸೋತು ಸತ್ತ ನೊಣದಂತೆ ನೇರ ತಳಕ್ಕೆ ಬಿತ್ತು. ಹಿಟ್ಟನ್ನು ಇನ್ನೂ ತೆಳುವಾಗಿ ಸವರಿದ. ಗೋಲಿ ದೋಣಿಯ ತನಕ ಹೋಗುವಷ್ಟರಲ್ಲಿ ಹಿಟ್ಟೆಲ್ಲ ಮೊಳೆಗಳ ಪಾಲಾಗಿತ್ತು.

"ನೋಡಿದ್ರಾ ತಮಿ-ಸಾನ್? ಹಿಟ್ಟು ಮೆತ್ತಿದ್ರೆ ಅಲ್ಲಿ ತನಕ ಹೋಗೋದೇ ಇಲ್ಲ! ಹಿಟ್ಟೂ ಅಲ್ಲ, ಕರೆಂಟೂ ಅಲ್ಲ. ಹಾಗಾದ್ರೆ ಆಗ ದಿನಾ ಹೇಗೆ ಸಿಕ್ಕಿಹಾಕ್ಕೊಳ್ತಿತ್ತು? ದೆವ್ವ ಹಿಡಿದಿತ್ತಾ?"

ತಮಿಯ ಬಾಯಿ ತುಂಬ ಉಯಿರೊ. ಅವಳು ಅದನ್ನು ನುಂಗಿ, ಮಂಡಿ ಊರಿ ಎದ್ದು, ಯಂತ್ರದ ಬೆನ್ನ ಕಡೆಗೆ ಹೋದಳು.

"ಇದಕ್ಕೆ ಇಷ್ಟೊಂದು ರಾದ್ಧಾಂತನಾ? ಹೊಡೀರಿ ಒಂದು ಗೋಲಿ."

ಕುನಿಯೊ ಹೊಡೆದ. ಅದೃಷ್ಟಕ್ಕೆ ಒಂದೆರಡು ಗೋಲಿಯಲ್ಲೇ ಹೂವಿಗೆ ಬಿತ್ತು. ಹಾಯಿ ಅರ್ಧ ಎದ್ದು ನಿಂತಿತು. ಹಿಂದೆ ಬಂದ ಗೋಲಿ ಗಬಕ್ಕನೆ ಕಚ್ಚಿಕೊಂಡಿತು. ಎಲ್ಲ ಅಂದಿನ ಹಾಗೇ.

"ನೋಡಿ, ಇಲ್ಲೊಂದು ಸಣ್ಣ ಕಡ್ಡಿ ಇದೆ," ಹಿಂದಿನಿಂದ ತಮಿಯ ದನಿ ಬಂತು. "ಅದನ್ನ ಕಿರುಬೆರಳಲ್ಲಿ ಒತ್ತಿ ಹಿಡಿದ್ರೆ ಹಾಯಿ ಮೇಲೆ ಹೋಗಲ್ಲ. ಹಿಸಾ-ಚಾನ್ ದಿನಾ ಹಿಡೀತಿದ್ಲಲ್ಲ! ಕಂಬದ ಪಕ್ಕ ಕೂರ್ತಾನಲ್ಲ ಹಿಟ್ಟಿನ ಬಿಳಿ ಕೈಯೋನು, ಅವನು ಬಂದ ಅಂದ್ರೆ ಸಾಕು, ನನ್ನ ಸಾಲಿಗೂ ನೀನೇ ಸುರಿ ಅಂತ ನನಗೆ ಬಕೆಟ್ ಕೊಟ್ಟು..."

ಮಾತು ಅಲ್ಲಿಗೇ ನಿಂತಿತು. ಯಂತ್ರದ ಮೇಲಿನಿಂದ ತಮಿಯ ನೇರಳೆ ಕೂದಲು, ಹಣೆ, ಎರಡು ಕಣ್ಣು ಮೂಡಿದವು.

"ಇವರಿಗೆ ಗೊತ್ತಿರಲಿಲ್ವಾ?"

ಆಗಲೇ ಅಡುಗೆಮನೆ ಸೇರಿದ್ದ ಹಿಸಾನೊ ಖಾಲಿ ಕೆಟಲನ್ನು ತೊಳೆದ ಮೇಲೆ ಮತ್ತೆ ತೊಳೆಯುತ್ತಿದ್ದಳು. ಅವಳ ಕಿವಿಗಳು ಹಿಂದಿನಿಂದ ನೋಡಿದರೂ ಕೆಂಪಗಾಗಿದ್ದು ಕಾಣುತ್ತಿತ್ತು.

ತಮಿ ಮಂಡಿ ನೋವು ನೆನಪಾಗಿ ಬೇಗ ಹೊರಟುಹೋದಳು.

ಕುನಿಯೊನಿಗೆ ಮೊದಲು ಬಂದದ್ದು ಸಿಟ್ಟು. ಮಾಡದ ತಪ್ಪಿಗೆ ಅರ್ಧ ಶತಮಾನ ತಲೆ ತಗ್ಗಿಸಿ, ಬೀಗರ ಮುಂದೆ ಬಾಗಿ, ಮೊಮ್ಮಕ್ಕಳ ಬಾಯಲ್ಲೂ 'ಹಿಟ್ಟಿನ ತಾತ' ಅನ್ನಿಸಿಕೊಂಡದ್ದು! ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಬೈಯುವುದಕ್ಕೆ ಒಳ್ಳೆಯ ಮಾತನ್ನು ಹುಡುಕಿದ. ಹುಡುಕುತ್ತಿರುವಾಗಲೇ ಮತ್ತೊಂದು ಯೋಚನೆ ನಿಧಾನವಾಗಿ ಹದಿನೆಂಟು ವೋಲ್ಟಿನಲ್ಲಿ ಮೇಲೆದ್ದಿತು.

"ಅಂದ್ರೆ," ಎಂದ, "ಮೊದಲು ನೋಡಿದ್ದು ನೀನು."

"ಮೊದಲನೇ ದಿನ ಗೋಲಿ ನಿಜವಾಗ್ಲೂ ಸಿಕ್ಕಿಕೊಂಡಿತ್ತು," ಹಿಸಾನೊ ತಿರುಗಲಿಲ್ಲ. "ನಾನು ತೆಗೆದುಕೊಟ್ಟೆ. ನೀವು 'ತುಂಬಾ ಉಪಕಾರ ಆಯ್ತು' ಅಂದ್ರಿ. ನನ್ನ ತಲೆ ಆಗಲೇ ಒಳಗೆ ಹೋಗಿತ್ತು. ಬರೀ ಯಂತ್ರಕ್ಕೆ ಹೇಳಿದ ಹಾಗಿತ್ತು. ಆ ಅಂಗಡೀಲಿ ಯಾರೂ ಹಾಗೆ ಹೇಳೋರಲ್ಲ. ಗುದ್ದೋರು, ಒದೆಯೋರು, ಏ ಹುಡುಗಿ ಅನ್ನೋರು." ಅವಳು ನಲ್ಲಿ ನಿಲ್ಲಿಸಿದಳು. "ಇನ್ನೊಂದ್ಸಲ ಕೇಳೋಣ ಅನ್ನಿಸ್ತು."

"ಇನ್ನೊಂದ್ಸಲ ಅಂತ ಇಡೀ ಚಳಿಗಾಲ?"

"ನೀವು ಪ್ರತಿಸಲ ಹೇಳ್ತಿದ್ರಿ."

"ಮತ್ತೆ ಹಿಟ್ಟಿನ ಕಥೆ?"

"ನಿಮ್ಮಮ್ಮ ಮೊದಲ ದಿನಾನೇ ಕೇಳಿದ್ರು, ಹೇಗೆ ಪರಿಚಯ ಅಂತ. ಹೊಸ ಸೊಸೆ, ನಾನೇ ಕಡ್ಡಿ ಹಿಡಿದೆ ಅಂತ ಹೇಳೋಕಾಗುತ್ತಾ? ನಿಮ್ಮ ಬೆರಳು ನೋಡಿದೆ, ಹಿಟ್ಟಿತ್ತು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಅವರು ಎಷ್ಟು ನಕ್ಕರು ಅಂದ್ರೆ... ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲೇ ಇಲ್ಲ."

ಕುನಿಯೊ ಅವಳ ಕೈಯಿಂದ ಕೆಟಲ್ ತೆಗೆದು ಒಲೆಯ ಮೇಲಿಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ: ಇನ್ನು ಮೇಲೆ ಮನೆಗೆ ಬಂದವರಿಗೆಲ್ಲ ಅವಳು ನಿಜವಾದ ಕಥೆಯನ್ನೇ ಹೇಳಬೇಕು, ಬೀಗರಿಗೂ ಸಹ.

ಹಿಸಾನೊ ಮಾತಿಗೆ ತಪ್ಪಲಿಲ್ಲ. ಓಬೊನ್ ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬೀಗರೆಲ್ಲ ಸೇರಿದಾಗ, ಚಹಾ ಮುಂದಿಟ್ಟು, ಮುಂದುಡುಪಿಗೆ ಕೈ ಒರೆಸಿಕೊಂಡು ಶುರುಮಾಡಿದಳು. ಕುನಿಯೊ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟು ಎದೆಯುಬ್ಬಿಸಿ ಕೂತ.

"ಹಿಟ್ಟು ಗಿಟ್ಟು ಎಲ್ಲ ಸುಳ್ಳು. ಗೋಲಿ ಹಿಡಿದದ್ದು ನಾನು. ಒಂದು ದಿನ ಹಿಡಿದೆ, ಎರಡು ದಿನ ಹಿಡಿದೆ, ಇಡೀ ಚಳಿಗಾಲ ಹಿಡಿದೆ. ಈ ಮನುಷ್ಯ ಗಾಜು ತಟ್ಟೋದು, ಉಪಕಾರ ಅನ್ನೋದು, ಮನೆಗೆ ಹೋಗೋದು. ತಟ್ಟೋದು, ಉಪಕಾರ ಅನ್ನೋದು, ಮನೆಗೆ ಹೋಗೋದು! ನನ್ನ ಕಿರುಬೆರಳು ಊದಿಕೊಂಡಿತ್ತು ಕಣ್ರೀ! ಕರೆಂಟು ಕಮ್ಮಿ ಅಂದ್ಕೊಂಡಿದ್ರಂತೆ!"

ನೆಂಟರು ಹಿಂದೆಂದಿಗಿಂತ ಜೋರಾಗಿ ನಕ್ಕರು. ಬೀಗರಂತೂ ಕಣ್ಣೊರೆಸಿಕೊಂಡರು. ಹಿಟ್ಟು ಮೆತ್ತಿದ ಚಾಲಾಕಿಗೆ ಇದ್ದ ಮರ್ಯಾದೆಯೂ ಹೋಯಿತೇ ಎಂದು ಕುನಿಯೊ ಪತ್ರಿಕೆಯನ್ನು ಮತ್ತೆ ಬಿಡಿಸಿ ಹಿಡಿದುಕೊಂಡ. ಅದರ ಹಿಂದೆ ಅವನು ನಗುತ್ತಿದ್ದದ್ದನ್ನು ಕಂಡವಳು ಚಿಕ್ಕ ಮಗಳೊಬ್ಬಳೇ.

ಯಂತ್ರ ಈಗ ಹೊರಬಾಗಿಲ ಪಡಸಾಲೆಯಲ್ಲಿದೆ. ತಂತಿ ಇಪ್ಪತ್ತನಾಲ್ಕರ ತಿರುಪಿನಲ್ಲೇ ಬಿಗಿದಿದೆ. ಓಗುರಿ ಹೇಳಿದಂತೆ ಆಟ ಮುಗಿದ ಮೇಲೆ ಪ್ಲಗ್ ತೆಗೆದಿಡುವುದು ಸರಿಯಾದ ಕ್ರಮ. ಬೇಸಿಗೆಯಲ್ಲಿ ಹಾಗೇ ಮಾಡುತ್ತಿದ್ದರು. ಚಳಿ ಬಿದ್ದ ಮೇಲೆ ಪಕ್ಕದ ಅಕ್ಕಿ ಅಂಗಡಿಯ ಹಂಡಬಂಡ ಬೆಕ್ಕಿಗೆ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ ಹದವಾಗಿ ಬೆಚ್ಚಗಿರುತ್ತದೆಂದು ಹೇಗೋ ತಿಳಿಯಿತು. ದಿನಾ ಮಧ್ಯಾಹ್ನ ಬಂದು ಅದರ ಮೇಲೆ ಸುತ್ತಿಕೊಂಡು ಮಲಗುತ್ತದೆ. ಅಂದಿನಿಂದ ಪ್ಲಗ್ ತೆಗೆಯುವವರಿಲ್ಲ.

"ಓಗುರಿ ಹತ್ರ ಇದ್ದ ಆ ಚಿಕ್ಕದು ತಂದಿದ್ರೆ ಇಷ್ಟು ಅಗಲ ಇರ್ತಿರಲಿಲ್ಲ, ಪಾಪ," ಎನ್ನುತ್ತಾನೆ ಕುನಿಯೊ, ಬೆಕ್ಕಿನ ಬಾಲವನ್ನು ತಂತಿಯಿಂದ ಈಚೆಗೆ ಸರಿಸುತ್ತಾ.

"ಆಂಪಿಯರ್ ಧಾರಾಳವಾಗಿರಬೇಕು," ಎನ್ನುತ್ತಾಳೆ ಹಿಸಾನೊ, ಮತ್ತು ಒಂದು ಗೋಲಿ ಹೊಡೆಯುತ್ತಾಳೆ.